ಏರಿ ಪಕ್ಕದ ಮನೆಯ ಕಾಗದ

ಮನೆ ಮಾರಿಸುವ ಕೆಲಸಕ್ಕೆ ಇಳಿಯುತ್ತೇನೆ ಅಂದಾಗ ನನ್ನ ಗಂಡ ಬಿದ್ದು ಬಿದ್ದು ನಕ್ಕಿದ್ದರು. ನಿನ್ನ ಬಾಯಿಗೂ ಆ ಕೆಲಸಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ ಅಂದರು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ನಾನು ಹುಬ್ಬಳ್ಳಿಯವಳು. ಅಡುಗೆಮನೆ ಇಕ್ಕಟ್ಟಾಗಿದ್ದರೆ ಇಕ್ಕಟ್ಟು ಅನ್ನುತ್ತೇನೆ, ಕಾರ್ಪೆಟ್ಟು ನಾರುತ್ತಿದ್ದರೆ ಸೆರಗನ್ನೋ ದುಪಟ್ಟಾವನ್ನೋ ಮೂಗಿಗೆ ಹಿಡಿಯುತ್ತೇನೆ. ಹೀಗೆ ಒಂದೆರಡು ಗಿರಾಕಿಗಳನ್ನು ಕಳೆದುಕೊಂಡದ್ದೂ ಉಂಟು. ಆದರೂ ಡಾಲಸ್ ಹತ್ತಿರ ಫ್ಲವರ್ ಮೌಂಡ್‌ನಲ್ಲಿದ್ದಾಗ ಶುರುಮಾಡಿದ ಕೆಲಸ, ನಾವು ಹ್ಯೂಸ್ಟನ್ ಕಡೆಗೆ ಶಿಫ್ಟ್ ಆದ ಮೇಲೂ ನನ್ನ ಕೈ ಬಿಟ್ಟಿಲ್ಲ. ನಮ್ಮ ಜನ ಬೈದುಕೊಂಡಾದರೂ ನನ್ನ ಹತ್ತಿರವೇ ಬರುತ್ತಾರೆ. ಅವಳು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ, ಆದರೆ ಮುಚ್ಚಿಡುವುದಿಲ್ಲ ಎಂದು ಪೂಜೆಗಳಲ್ಲಿ, ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ಗಳಲ್ಲಿ ಮಾತಾಡಿಕೊಳ್ಳುತ್ತಾರಂತೆ. ನನಗೆ ಅಷ್ಟು ಸಾಕು.

ನಾವಿರುವುದು ಹ್ಯೂಸ್ಟನ್‌ನ ನೈಋತ್ಯಕ್ಕೆ, ಬ್ರಾಜೋಸ್ ನದಿಯ ಕಡೆ. ನೆಲ ರೊಟ್ಟಿಯ ಹಾಗೆ ಚಪ್ಪಟೆ. ಮಳೆ ಬಂದರೆ ನೀರಿಗೆ ಎತ್ತ ಹೋಗಬೇಕೆಂದು ತಿಳಿಯುವುದಿಲ್ಲ. ಅದಕ್ಕೇ ಬಡಾವಣೆಗಳ ಸುತ್ತ ಎತ್ತರಕ್ಕೆ ಮಣ್ಣು ಒಟ್ಟಿ ಹುಲ್ಲು ಬೆಳೆಸಿದ್ದಾರೆ. ಇಲ್ಲಿಯವರು ಅದನ್ನು ಲೆವಿ ಅನ್ನುತ್ತಾರೆ. ನನಗೆ ಮೊದಲ ದಿನದಿಂದಲೂ ಅದು ಏರಿ, ನಮ್ಮೂರ ಕೆರೆ ಏರಿ. ವ್ಯತ್ಯಾಸ ಇಷ್ಟೇ: ಅಲ್ಲಿ ಏರಿ ನೀರನ್ನು ಒಳಗೆ ಹಿಡಿದಿಡುತ್ತದೆ, ಇಲ್ಲಿ ಹೊರಗೆ ತಡೆಯುತ್ತದೆ. ಸಂಜೆಯಾದರೆ ಅರ್ಧ ಬಡಾವಣೆ ಆ ಏರಿಯ ಮೇಲೆ ವಾಕಿಂಗ್ ಹೊರಡುತ್ತದೆ. ಮದುವೆ ಸಂಬಂಧಗಳಿಂದ ಹಿಡಿದು ಹೆಪ್ಪಿನ ಮೊಸರಿನವರೆಗೆ ಎಲ್ಲ ವ್ಯವಹಾರ ಅಲ್ಲೇ ಕುದುರುತ್ತದೆ.

ಈ ಏರಿಯನ್ನು ನೋಡಿಕೊಳ್ಳಲು ಒಂದು ಸಂಸ್ಥೆ ಇರುತ್ತದೆ. ಲೆವಿ ಡಿಸ್ಟ್ರಿಕ್ಟ್ ಎಂದು ಅದರ ಹೆಸರು. ಏರಿಯ ಹುಲ್ಲು ಕತ್ತರಿಸುವುದು, ಕಾಲುವೆ ಕಸ ತೆಗೆಯುವುದು, ಒಳಗೆ ಬಿದ್ದ ಮಳೆನೀರನ್ನು ಪಂಪಿನಿಂದ ಹೊರಗೆ ಹಾಕುವುದು ಅದರ ಕೆಲಸ. ಅದಕ್ಕೆ ಇಲ್ಲಿನ ಮನೆಯವರೆಲ್ಲ ವರ್ಷವರ್ಷ ತೆರಿಗೆ ಕಟ್ಟುತ್ತಾರೆ. ಇಂಥ ಕಡೆ ಮನೆ ಮಾರುವವರು, ಕರಾರಿಗೆ ಸಹಿ ಬೀಳುವ ಮೊದಲೇ, ಕೊಳ್ಳುವವರ ಕೈಗೆ ಒಂದು ಕಾಗದ ಕೊಡಬೇಕು: ಈ ಮನೆ ಇಂಥ ಡಿಸ್ಟ್ರಿಕ್ಟಿನೊಳಗಿದೆ, ಅದರ ಕೆಲಸ ಇದು, ಅದು ನಿಮ್ಮಿಂದ ತೆರಿಗೆ ವಸೂಲು ಮಾಡುತ್ತದೆ ಎಂದು. ಕೊಳ್ಳುವವರು ಓದಿ ಸಹಿ ಹಾಕಬೇಕು. ರಿಜಿಸ್ಟ್ರೇಷನ್ ದಿನ ಅದೇ ವಿಷಯದ ಕಾಗದ ಕ್ರಯಪತ್ರದ ಜೊತೆಗೇ ಕೌಂಟಿಯ, ಅಂದರೆ ಇಲ್ಲಿಯ ಜಿಲ್ಲೆಯ, ದಾಖಲೆಗೆ ಸೇರುತ್ತದೆ. ಆಸ್ಟಿನ್ ಪಕ್ಕದ ಲಿಯಾಂಡರ್ ಕಡೆ ಹೋದರೂ ಇದೇ ಜಾತಿಯ ಕಾಗದ, ಅಲ್ಲಿ ಕುಡಿಯುವ ನೀರಿನ ಡಿಸ್ಟ್ರಿಕ್ಟ್ ಇರುತ್ತದೆ, ಅಷ್ಟೆ.

ಈಗೀಗ ಇದೆಲ್ಲ ಫೋನಿನಲ್ಲೇ ಆಗುತ್ತದೆ. ಹಳದಿ ಗುರುತು ಬಂದಲ್ಲಿ ಬೆರಳಿನಿಂದ ಒತ್ತು, ಮುಂದಕ್ಕೆ ಹೋಗು, ಮತ್ತೆ ಒತ್ತು. ಏನು ಒತ್ತಿದೆ ಅಂತ ಕೇಳಿದರೆ ದೊಡ್ಡ ದೊಡ್ಡ ಕೆಲಸದಲ್ಲಿರುವವರೂ ಹಲ್ಲು ಕಿರಿಯುತ್ತಾರೆ. ನನ್ನ ಪದ್ಧತಿ ಬೇರೆ. ಆ ಒಂದು ಕಾಗದವನ್ನು ನಾನು ಪ್ರಿಂಟ್ ತೆಗೆದು, ಗಿರಾಕಿಯ ಮನೆಯ ಊಟದ ಮೇಜಿನ ಮುಂದೆ ಕೂತು, ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳುತ್ತೇನೆ. ಆಮೇಲೆಯೇ ಸಹಿ. ನೀ ವ್ರತದ ಕಥಿ ಓದಿದಂಗ ಓದ್ತೀ, ಕಡೀಕೆ ಪ್ರಸಾದನೂ ಕೊಡ್ತೀ ಏನು ಎಂದು ನನ್ನ ಗಂಡ ಕಾಡಿಸುತ್ತಾರೆ. ಕಾಡಿಸಲಿ, ಬಿಡಿ.

ಮೇಡಂ ನನ್ನ ಹತ್ತಿರ ಬಂದದ್ದು ಹೋದ ವರ್ಷದ ಬೇಸಿಗೆಗೆ ಮೊದಲು. ಬೆಂಗಳೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಇಲ್ಲಿಯೂ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವರು ಮೇಡಂ. ಯಾರೂ ಅವರನ್ನು ಆಂಟಿ ಅನ್ನುವ ಧೈರ್ಯ ಮಾಡಿಲ್ಲ. ಗಂಡ ತೀರಿಕೊಂಡ ಮೇಲೆ ಲಿಯಾಂಡರ್‌ನಲ್ಲಿದ್ದ ಮಗಳ ಜೊತೆ ಇರಲು ಬಂದರು. ಮಗಳಿಗೆ ಹ್ಯೂಸ್ಟನ್‌ನ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಸಿಕ್ಕಿ ಅವರೆಲ್ಲ ಈ ಕಡೆಗೆ ಶಿಫ್ಟ್ ಆದಾಗ ಮೇಡಂ ಒಂದು ಷರತ್ತು ಹಾಕಿದರಂತೆ: ಅಲ್ಲಿ ನನಗೊಂದು ಬೇರೆ ಮನೆ, ಚಿಕ್ಕದಾದರೂ ಚಿಂತೆಯಿಲ್ಲ.

ಮೊದಲ ಭೇಟಿಯಲ್ಲೇ ನಾನು ಬಾಯಿಬಿಟ್ಟು ಕೇಳಿದೆ, ಮಗಳ ಮನೆಯಲ್ಲಿ ಏನು ತೊಂದರೆ ಅಂತ. ಅವರು ಪಾಠ ಅರ್ಥವಾಗದ ಹುಡುಗಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ಏನೂ ತೊಂದರೆ ಇಲ್ಲಮ್ಮ. ಅಳಿಯನೂ ಬಂಗಾರದಂಥವನು. ಆದರೆ ನನ್ನ ಹೆಸರಲ್ಲಿ ಒಂದು ಬಾಗಿಲು ಬೇಕು. ಯಾರೂ ಬಂದು ಎದ್ದು ಹೋಗು ಅನ್ನಬಾರದು, ಅಂಥಾ ಬಾಗಿಲು."

ಆ ಮಾತಿನ ಹಿಂದೆ ಏನಿದೆ ಎಂದು ನನಗಾಗ ಗೊತ್ತಿರಲಿಲ್ಲ. ವಯಸ್ಸಾದವರ ಮಾತು ಅಂದುಕೊಂಡೆ. ಒಂದೂವರೆ ತಿಂಗಳು ಅವರ ಜೊತೆ ಮನೆ ನೋಡಿದ್ದಿದೆಯಲ್ಲ, ಅದರಂಥ ಸುಖ ನನಗೆ ಬೇರೆ ಯಾವ ಗಿರಾಕಿಯಿಂದಲೂ ಸಿಕ್ಕಿಲ್ಲ. ಕಾರಿನಲ್ಲಿ ಕೂತರೆ ಡಬ್ಬಿಯಿಂದ ಕೋಡುಬಳೆ ತೆಗೆದು ಕೊಡುತ್ತಿದ್ದರು. ಮನೆಯೊಳಗೆ ಹೋದರೆ ನಲ್ಲಿಗಳನ್ನೆಲ್ಲ ತಿರುಗಿಸಿ ನೋಡುತ್ತಿದ್ದರು. ಒಂದು ಮನೆಯ ಏಜೆಂಟಳಿಗೆ ಮೂಲೆಯ ಗೋಡೆ ಲಂಬವಾಗಿಲ್ಲ ಎಂದು ತೋರಿಸಿ, ಅವಳ ಬಾಯಿಂದಲೇ ಹೌದು ಅನ್ನಿಸಿ ಬಂದರು. ನನಗಿಂತ ಜೋರು ಬಾಯಿಯವರು ಈ ಊರಿಗೆ ಬಂದರಲ್ಲ ಎಂದು ನನಗೆ ಖುಷಿಯೋ ಖುಷಿ.

ಕೊನೆಗೆ ಸಿಕ್ಕಿತು. ಇಟ್ಟಿಗೆಯ ಪುಟ್ಟ ಮನೆ, ಮಗಳ ಮನೆಯಿಂದ ಎರಡು ಬೀದಿ ಆಚೆ. ಅಡುಗೆಮನೆಯ ಕಿಟಕಿ ಪೂರ್ವಕ್ಕೆ, ಹಿತ್ತಲಿನ ಬೇಲಿಯಾಚೆ ಹಸಿರು ಏರಿ. ಮಾಲೀಕ ಒಬ್ಬ ಅಮೆರಿಕನ್ ತಾತ, ಡಾಲಸ್ ಪಕ್ಕದ ಮರ್ಫಿಯಲ್ಲಿ ತಂಗಿಯ ಮನೆಯ ಹತ್ತಿರ ಇರಲು ಹೊರಟವನು. ಮೇಡಂ ಎಲ್ಲ ಕಪಾಟು ತೆಗೆದು ಮುಚ್ಚಿ, ಒಲೆಯ ಮುಂದೆ ನಿಂತು, ಎರಡೂ ಕೈ ಕಟ್ಟೆಯ ಮೇಲಿಟ್ಟು, ಇದೇ ಅಂದರು. ಅವರ ಮುಖ ನೋಡಿ ನನಗೂ ಒಳಗೊಳಗೇ ಹಿಗ್ಗಾಯಿತು.

ಮರುದಿನವೇ ಮಾರುವವರ ಏಜೆಂಟನಿಂದ ಡಿಸ್ಟ್ರಿಕ್ಟಿನ ಕಾಗದ ತರಿಸಿಕೊಂಡೆ. ಫೋನಿಗೆ ಕಳಿಸಿ ಒತ್ತಿಸಿಬಿಡಿ, ಎಲ್ಲರೂ ಹಾಗೇ ಮಾಡುವುದು ಅಂದ ಅವನು. ನಾನು ಪ್ರಿಂಟ್ ತೆಗೆದುಕೊಂಡು ಮಗಳ ಮನೆಗೆ ಹೋದೆ. ಮೇಡಂ ಬಿಸಿ ಉಪ್ಪಿಟ್ಟು ಬಡಿಸಿ, ಕನ್ನಡಕ ಹಾಕಿಕೊಂಡು, ಪೆನ್ನಿನ ಮುಚ್ಚಳ ತೆಗೆದು ಕೂತರು. ಮಗಳು ಮಹಡಿಯ ಮೇಲೆ ಆಫೀಸಿನ ಮೀಟಿಂಗಿನಲ್ಲಿದ್ದಳು. ನಾನು ಎಂದಿನ ಹಾಗೆ ಓದತೊಡಗಿದೆ. ಈ ಆಸ್ತಿ ಇಂಥ ಡಿಸ್ಟ್ರಿಕ್ಟಿನೊಳಗಿದೆ. ಮಳೆನೀರಿನ ಕಾಲುವೆಗಳನ್ನು ನೋಡಿಕೊಳ್ಳುವುದು, ಪ್ರವಾಹ ತಡೆಯುವುದು ಅದರ ಕೆಲಸ. ಇಷ್ಟು ಹೇಳಿ ತಲೆಯೆತ್ತಿದರೆ ಮೇಡಂ ಮುಖದಲ್ಲಿ ರಕ್ತವಿರಲಿಲ್ಲ.

ಕಾಗದದಲ್ಲೇ ಕಾಲುವೆ ಅಂತ ಬರೆದಿದೆಯಾ ಎಂದು ಕೇಳಿದರು. ಹೌದು ಅಂದೆ. ಕಾಲುವೆ ಹಿತ್ತಲಿನ ಆಚೆಗೇನಾ? ಏರಿಯ ಆಚೆಗೆ ಅಂದೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

"ಈ ಮನೆ ಬೇಡಮ್ಮ," ಅಂದರು. ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಉಪ್ಪಿಟ್ಟು ಮೇಜಿನ ಮೇಲೇ ಆರಿತು.

ಸಂಜೆ ಮಗಳ ಫೋನು ಬಂತು. ಕೋಪದಲ್ಲಿದ್ದಳು. ಆಂಟಿ, ನೀವು ಯಾಕೆ ಓದಿ ಹೇಳೋಕೆ ಹೋದ್ರಿ ಅಂದಳು. ಲಿಯಾಂಡರ್‌ನ ಮನೆಗೆ ತಾನೂ ಇಂಥದೇ ಏನೋ ಸೈನ್ ಮಾಡಿದ್ದಳಂತೆ. ಅದೇನು ಅಂತ ಇವತ್ತಿಗೂ ಗೊತ್ತಿಲ್ಲವಂತೆ, ಗೊತ್ತಿಲ್ಲದೆ ಏನೂ ಮುಳುಗಿಲ್ಲವಂತೆ. ಅಮ್ಮನಿಗೂ ಹಾಗೇ ಒತ್ತಿಸಬಹುದಿತ್ತು ಅಂದಳು. ನನಗೆ ಉರಿದುಹೋಯಿತು. ಓದಿ ಹೇಳಿದ್ದೇ ತಪ್ಪು ಅನ್ನುವ ಕಾಲ ಬಂತಲ್ಲಪ್ಪಾ ಎಂದು ನಾಲ್ಕು ಮಾತು ಆಡಿಯೇಬಿಟ್ಟೆ. ಆ ಕಡೆಯಿಂದ ಮೂಗು ಏರಿಸುವುದು ಕೇಳಿಸಿತು. ಅಳುತ್ತಿದ್ದಳು. ಆಗ ಅವಳು ಹೇಳಿದ್ದು ಇದು.

ಬೆಂಗಳೂರಿನಲ್ಲಿ ಅವರದೊಂದು ಮನೆ ಇತ್ತು. ಅವಳ ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿ. ಅವರ ಕೆಲಸವೇ ಸಾಲ ಕೇಳಿ ಬಂದವರ ಆಸ್ತಿಪತ್ರಗಳನ್ನು ಓದುವುದು. ತಮ್ಮ ನಿವೇಶನ ಕೊಳ್ಳುವಾಗಲೂ ಮೂಲಪತ್ರ, ಇ.ಸಿ., ಖಾತಾ, ಕಂದಾಯದ ರಸೀದಿ ಎಲ್ಲವನ್ನೂ ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಓದಿದ್ದರು. ಸಾಲದ್ದಕ್ಕೆ ವಕೀಲರ ಅಭಿಪ್ರಾಯ ಬೇರೆ. ಎಲ್ಲೂ ಒಂದು ಕೊಂಕಿಲ್ಲ. ಮನೆ ಕಟ್ಟಿ, ಮಗಳ ಮದುವೆ ಅದೇ ಮನೆಯ ಮುಂದೆ ಚಪ್ಪರ ಹಾಕಿ ಮಾಡಿದರು. ಒಂದು ಮಳೆಗಾಲ ಆ ಕಡೆಯ ಬಡಾವಣೆಗಳಿಗೆಲ್ಲ ನೀರು ನುಗ್ಗಿತು. ನೀರು ಇಳಿದ ಮೇಲೆ ಸರ್ವೆಯವರು ಬಂದರು. ಅವರ ಕೈಯಲ್ಲಿ ಹಳೆಯ ಗ್ರಾಮನಕ್ಷೆ. ಅದರಲ್ಲಿ ರಾಜಕಾಲುವೆಯ ಗೆರೆ ಇವರ ಅಡುಗೆಮನೆಯ ಅಡಿಯಲ್ಲೇ ಹಾದುಹೋಗಿತ್ತು. ಗೋಡೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದರು. ಕೆಲವೇ ದಿನಕ್ಕೆ ಜೆಸಿಬಿ ಬಂತು. ಅಪ್ಪ ಫೈಲು ಹಿಡಿದುಕೊಂಡು ಬಂದವರಿಗೆಲ್ಲ ತೋರಿಸುತ್ತ ನಿಂತಿದ್ದರಂತೆ. ಕಾಗದ ಎಲ್ಲಾ ಸರಿಯಾಗಿದೆ ಸಾರ್ ಎಂದು ಅವರೂ ಒಪ್ಪಿದರಂತೆ. ನಕ್ಷೆಯೂ ಸರಿಯಾಗಿಯೇ ಇತ್ತಲ್ಲ.

ಬಾಡಿಗೆ ಮನೆಗೆ ಹೋದ ರಾತ್ರಿ ಮೇಡಂ ಗಂಡನಿಗೆ ಒಂದು ಮಾತು ಅಂದರಂತೆ: ಊರಿನವರದೆಲ್ಲಾ ಓದಿದಿರಿ, ನಮ್ಮದೊಂದು ಓದೋಕಾಗಲಿಲ್ಲವಾ. ಆ ಮನುಷ್ಯ ಅವತ್ತಿನಿಂದ ಪತ್ರಿಕೆಯನ್ನೂ ಬಿಡಿಸಿ ಓದಲಿಲ್ಲವಂತೆ. ಹೆಚ್ಚು ಕಾಲ ಬದುಕಲಿಲ್ಲ.

"ಅಮ್ಮ ಅಪ್ಪನ್ನ ಇನ್ನೂ ಕ್ಷಮಿಸಿಲ್ಲ ಆಂಟಿ," ಅಂದಳು ಮಗಳು. "ಆ ಮನೆ ಹೋಗಿದ್ದು ಅಪ್ಪ ಸರಿಯಾಗಿ ನೋಡದೆ ಅಂತಾನೇ ಅಂದ್ಕೊಂಡಿದ್ದಾಳೆ. ಈ ಮನೆ ಆದ್ರೆ ಸ್ವಲ್ಪ ಸಮಾಧಾನ ಆಗುತ್ತೆ ಅಂದ್ಕೊಂಡಿದ್ದೆ."

ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಫೋನಿಟ್ಟು ಗಂಡನ ಮುಂದೆ ಕೂತೆ. ಅವರು ಎಲ್ಲ ಕೇಳಿ, ಕಾಗದ ತೋರಿಸಬೇಕು ಅಂತ ಕಾನೂನೈತಿ, ತೋರಿಸಿದಿ, ಕೂತು ಅರ್ಥ ಹೇಳು ಅಂತ ಯಾವ ಕಾನೂನಿನ್ಯಾಗೈತಿ ಅಂದರು. ಅರ್ಥ ಆಗಲಾರದ್ದನ್ನ ತೋರಿಸಿದರೇನು ಬಿಟ್ಟರೇನು, ಸುಮ್ಕಿರ್ರಿ ಅಂದೆ. ಅಂದೆನಾದರೂ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು. ಇದು ತೆರಿಗೆಯ ಕಾಗದ ಅಷ್ಟೇ ಎಂದು ಸವರಿ ಹೇಳಿದ್ದರೆ ಮೇಡಂಗೆ ಮನೆ ಸಿಕ್ಕಿರುತ್ತಿತ್ತು. ಆದರೆ ಅದು ಅವರಿಗೆ ಎರಡನೆಯ ಸಲ ಮಾಡುವ ಅದೇ ಮೋಸ ಆಗುತ್ತಿತ್ತು. ಈ ಸಲ ಮಾಡಿದವಳು ನಾನಾಗಿರುತ್ತಿದ್ದೆ.

ಎರಡು ದಿನ ಬಿಟ್ಟು ಮೇಡಂ ತಾವೇ ಫೋನ್ ಮಾಡಿದರು. ಆ ಮನೆ ಇನ್ನೂ ಇದೆಯಾ ಅಂದರು. ಇದೆ ಅಂದೆ. ಹಿತ್ತಲು ಅಳೆಯಬೇಕು, ಬಾ ಅಂದರು. ಯಾಕೆ ಏನು ಅಂತ ಕೇಳಲು ನನಗೂ ಧೈರ್ಯವಾಗಲಿಲ್ಲ. ಮಾಲೀಕ ತಾತನಿಗೆ ತಿಳಿಸಿ ಕರೆದುಕೊಂಡು ಹೋದೆ.

ಹಿತ್ತಲಿಗೆ ಹೋದವರೇ ಚೀಲದಿಂದ ಟೇಪು ತೆಗೆದರು. ಬ್ಲೌಸಿನ ಅಳತೆ ತೆಗೆಯುವ ಟೇಪು! ಜೊತೆಗೊಂದು ಸೀಮೆಸುಣ್ಣ. ಬೆಂಗಳೂರಿನಲ್ಲಿ ಕಾಲುವೆಯ ಅಂಚಿನಿಂದ ಮನೆಯ ಗೋಡೆಗೆ ಎಷ್ಟು ದೂರ ಅನ್ನುವುದರ ಮೇಲೇ ಮನೆ ಉಳಿಯುವುದೋ ಬೀಳುವುದೋ ನಿರ್ಧಾರ. ಅಷ್ಟು ಜಾಗ ಬಿಡಲೇಬೇಕು. ಬಿಡದ ಗೋಡೆಗೆ ಕೆಂಪು ಗುರುತು. ಇಲ್ಲೂ ಅದೇ ಲೆಕ್ಕ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಇಲ್ಲಿ ಹಾಗಿಲ್ಲ ಮೇಡಂ ಅಂದೆ. ನೀನು ಆ ತುದಿ ಹಿಡಿ ಅಂದರು. ಹಿಡಿದೆ. ಹಿಂಬಾಗಿಲಿನ ಗೋಡೆಯಿಂದ ಶುರುಮಾಡಿ, ಟೇಪು ಮುಗಿದಲ್ಲಿ ಹುಲ್ಲಿನ ಮೇಲೆ ಸೀಮೆಸುಣ್ಣ ಒತ್ತುತ್ತ, ಇಬ್ಬರೂ ಬಗ್ಗಿಕೊಂಡು ಬೇಲಿಯ ಕಡೆ ಹೊರಟೆವು. ಹುಲ್ಲಿನ ಮೇಲೆ ಸೀಮೆಸುಣ್ಣ ಹತ್ತುತ್ತದೆಯೇ? ಗುರುತು ಸಿಗದೆ ಮತ್ತೆ ಮೊದಲಿನಿಂದ. ನನ್ನ ಸೊಂಟ ಹಿಡಿದುಕೊಂಡಿತು. ಒಳಗಿನಿಂದ ನಗು ಬರುತ್ತಿತ್ತು, ಅವರ ಮುಖ ನೋಡಿದರೆ ನಗುವ ಹಾಗಿರಲಿಲ್ಲ.

ಅಷ್ಟರಲ್ಲಿ ತಾತ ಹಿಂಬಾಗಿಲು ತೆಗೆದು ಬಂದ. ಇನ್ನು ಏನು ಕೇಳುತ್ತಾನೋ ಎಂದು ನಾನು ಮೈ ಹಿಡಿಮಾಡಿಕೊಂಡೆ. ಅವನು ಏನೂ ಕೇಳಲಿಲ್ಲ. ಗ್ಯಾರೇಜಿಗೆ ಹೋಗಿ ಮರಗೆಲಸದವರ ಉದ್ದನೆಯ ಸುರುಳಿ ಟೇಪು ತಂದು, ಒಂದು ತುದಿಯನ್ನು ಮೇಡಂ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು ನಡೆದ. ಬೇಲಿಯ ಬಾಗಿಲು ತೆಗೆದು ಏರಿಯ ಬುಡದವರೆಗೂ ಅಳೆದರು. ಮೇಡಂ ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡರು. ಎಲ್ಲ ಮುಗಿದ ಮೇಲೆ ತಾತ ನನ್ನ ಕಡೆ ತಿರುಗಿ, ಏನು ಕಟ್ಟಬೇಕೆಂದಿದ್ದಾರೆ ಎಂದು ಕೇಳಿದ. ಕಟ್ಟುವುದಲ್ಲ, ಕೆಡವುತ್ತಾರೇನೋ ಎಂದು ನೋಡುತ್ತಿದ್ದಾರೆ ಅಂದೆ. ಅಲ್ಲೇ ನಿಂತು ಬೆಂಗಳೂರಿನ ಕಥೆಯನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ನಾನು ಹೇಳುವುದನ್ನು ಮೇಡಂ ತಡೆಯಲಿಲ್ಲ. ಏರಿಯ ಕಡೆ ಮುಖಮಾಡಿ ನಿಂತಿದ್ದರು.

ತಾತ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, ಬನ್ನಿ ತೋರಿಸುತ್ತೇನೆ ಎಂದು ಏರಿ ಹತ್ತಿಸಿದ. ಮೇಲೆ ಗಾಳಿ ಹಿತವಾಗಿತ್ತು. ಕಾಲುವೆ, ಅದರಾಚೆಗೆ ಪೊದೆ, ದೂರಕ್ಕೆ ಪಂಪಿನ ಕಟ್ಟಡ. ಮೇಡಂ ಕ್ಲಾಸಿನಲ್ಲಿ ಕೇಳುವ ಹಾಗೆ ಒಂದೊಂದೇ ಪ್ರಶ್ನೆ ಕೇಳಿದರು, ತಾತ ಒಳ್ಳೆಯ ವಿದ್ಯಾರ್ಥಿಯ ಹಾಗೆ ಉತ್ತರ ಕೊಟ್ಟ. ಬೇಲಿಯವರೆಗೆ ಮನೆಯವರದು, ಏರಿ ಡಿಸ್ಟ್ರಿಕ್ಟಿನದು, ಆ ಗೆರೆ ಸರ್ವೆ ನಕ್ಷೆಯಲ್ಲೇ ಇದೆ, ಮನೆಯ ಜೊತೆ ನಿಮಗೂ ಒಂದು ಪ್ರತಿ ಬರುತ್ತದೆ ಅಂದ. ತಾನು ಒಮ್ಮೆ ಆಸೆಬುರುಕತನಕ್ಕೆ ಏರಿಯ ಬುಡದಲ್ಲಿ ಟೊಮೆಟೊ ತೊಟ್ಟಿಗಳನ್ನು ಇಟ್ಟಿದ್ದೆ ಎಂದೂ ಹೇಳಿದ. ಮೇಡಂ ಕಿವಿ ನೆಟ್ಟಗಾಯಿತು. ಒಡೆದು ಹಾಕಿದರಾ ಅಂದರು. ಇಲ್ಲ, ಡಿಸ್ಟ್ರಿಕ್ಟಿನವರು ಪತ್ರ ಬರೆದರು, ಆಮೇಲೆ ಅಲ್ಲಿಯವನೊಬ್ಬ ಬಂದು ಎತ್ತಿಡಲು ತಾನೂ ಕೈ ಜೋಡಿಸಿದ, ಹೋಗುವಾಗ ನಾಲ್ಕು ಟೊಮೆಟೊ ಇಸಿದುಕೊಂಡು ಹೋದ ಅಂದ ತಾತ.

ಅವನು ಕೆಟ್ಟದ್ದನ್ನೂ ಮುಚ್ಚಿಡಲಿಲ್ಲ. ದೊಡ್ಡ ಚಂಡಮಾರುತದ ವರ್ಷ ಬೀದಿಯಲ್ಲಿ ನೀರು ನಿಂತಿತ್ತು, ನದಿ ಏರಿತು, ಕೌಂಟಿಯವರು ಎಲ್ಲರೂ ಸ್ವಲ್ಪ ದಿನ ಮನೆ ಬಿಟ್ಟು ಹೋಗಿ ಎಂದಿದ್ದರು ಅಂದ. ಅಯ್ಯೋ, ಇದನ್ನು ಯಾಕೆ ಹೇಳಿದೆಯಪ್ಪಾ ಎಂದು ನಾನು ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡೆ. ಎದ್ದು ಹೋಗು ಅನ್ನುವ ಮಾತಿಗೇ ಅಲ್ಲವೇ ಅವರು ಹೆದರಿದ್ದು. ಮೇಡಂ ಮಾತ್ರ ಶಾಂತವಾಗಿ, ವಾಪಸ್ಸು ಬಂದಾಗ ಮನೆ ಇತ್ತಾ ಎಂದು ಕೇಳಿದರು. ಇತ್ತು, ಫ್ರಿಜ್ಜಿನಲ್ಲಿ ಹಾಲು ಕೆಟ್ಟಿತ್ತು ಅಂದ ತಾತ.

ಕಾರಿನಲ್ಲಿ ಕೂತ ಮೇಲೂ ಮೇಡಂ ಅಂಗೈ ನೋಡಿಕೊಳ್ಳುತ್ತಿದ್ದರು. ನಾನೇ ಬಾಯಿ ಮುಚ್ಚಿಕೊಂಡು ಕೂತದ್ದು ನನ್ನ ಜೀವನದಲ್ಲಿ ಅಪರೂಪ. ಆಮೇಲೆ ಕೇಳಿದರು, ನಾಳೆ ನಾನು ಈ ಮನೆ ಮಾರಿದರೆ ನಾನೂ ಆ ಕಾಗದ ಕೊಡಬೇಕಾ ಅಂತ. ಕೊಡಲೇಬೇಕು ಅಂದೆ. ಮುಚ್ಚಿಟ್ಟರೆ? ಕೊಂಡವರು ಕರಾರು ಮುರಿದು ಹೋಗಬಹುದು, ಕೋರ್ಟಿಗೂ ಹೋಗಬಹುದು ಅಂದೆ. ಕೊಡಿಲ್ಲಿ ಎಂದು ಕೈ ಚಾಚಿದರು. ಕಾಗದವನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ತಾವೇ ಓದಿದರು. ನಾನು ಎಸಿ ಹಾಕಿಕೊಂಡು ಕಾದೆ.

"ಇದು ಬೇರೆ," ಅಂದರು ಕೊನೆಗೆ. "ಇವರು ಮೊದಲೇ ಹೇಳ್ತಾರೆ. ಹೇಳಿದ್ದನ್ನ ಬರೆದಿಡ್ತಾರೆ. ನಡಿ, ಮೇಜಿನ ಮೇಲೆ ಸಹಿ ಹಾಕ್ತೀನಿ, ಕಾರಲ್ಲಿ ಅಕ್ಷರ ಸೊಟ್ಟಗಾಗುತ್ತೆ."

ರಿಜಿಸ್ಟ್ರೇಷನ್ ಆದದ್ದು, ಆಸ್ತಿಯ ಹಕ್ಕು ಪರಿಶೀಲಿಸಿ ಕ್ರಯ ಮುಗಿಸಿಕೊಡುವ ಟೈಟಲ್ ಕಂಪನಿಯ ಆಫೀಸಿನಲ್ಲಿ. ಅಲ್ಲಿಯ ಹುಡುಗಿ ಕಾಗದದ ರಾಶಿಯನ್ನು ಮುಂದಿಟ್ಟು, ಇಲ್ಲಿ, ಇಲ್ಲಿ, ಇಲ್ಲಿ ಎಂದು ಬೆರಳು ಓಡಿಸತೊಡಗಿದಳು. ಮೇಡಂ ಅವಳ ಬೆರಳಿನ ವೇಗಕ್ಕೆ ಸೊಪ್ಪು ಹಾಕಲಿಲ್ಲ. ಡಿಸ್ಟ್ರಿಕ್ಟಿನ ಕಾಗದ ಬಂದಾಗ ಪೆನ್ನು ನಿಲ್ಲಿಸಿ, ಇದು ಎಲ್ಲಿಗೆ ಹೋಗುತ್ತದೆ, ಯಾರು ನೋಡಬಹುದು ಎಂದು ಕೇಳಿದರು. ಕೌಂಟಿಯ ದಾಖಲೆಗೆ ಹೋಗುತ್ತದೆ, ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಹುಡುಕಿ ನೋಡಬಹುದು ಅಂದಳು ಹುಡುಗಿ. ಮೇಡಂ ತಲೆಯಾಡಿಸಿ, ಗುಂಡಗಿನ ಕನ್ನಡ ಅಕ್ಷರದಲ್ಲಿ ತಮ್ಮ ಹೆಸರು ಬರೆದರು. ಅವರ ಪಾಸ್‌ಪೋರ್ಟಿನಲ್ಲಿರುವುದೂ ಅದೇ ಸಹಿ. ಹುಡುಗಿ ಎರಡನ್ನೂ ಹೋಲಿಸಿ ನೋಡಿ, ಚಿತ್ರದ ಹಾಗಿದೆ ಅಂದಳು. ಆಮೇಲೆ ಮೇಡಂ ಪರ್ಸಿನಿಂದ ಅರಿಶಿನದ ಪೊಟ್ಟಣ ತೆಗೆದು ಕಾಗದದ ನಾಲ್ಕು ಮೂಲೆಗೆ ಹಚ್ಚಲು ಹೋದಾಗ ಮಾತ್ರ ನಾನು ಕೈ ಹಿಡಿದುಕೊಂಡೆ. ಇದು ದಾಖಲೆಗೆ ಹೋಗುವುದು, ಮನೆಗೆ ತರುವ ಪ್ರತಿಗೆ ಹಚ್ಚಿ ಮೇಡಂ ಎಂದು ಸಮಾಧಾನ ಮಾಡುವಷ್ಟರಲ್ಲಿ ಸಾಕುಸಾಕಾಯಿತು.

ಮೇಡಂ ಹಾಲುಕ್ಕಿಸಿ ಗೃಹಪ್ರವೇಶ ಮಾಡಿದರು. ಹೆಸರುಬೇಳೆ ಪಾಯಸ, ಚಿತ್ರಾನ್ನ. ತಾತ ಮರ್ಫಿಯಿಂದ ಒಂದು ಕಾರ್ಡು ಕಳಿಸಿದ್ದ. ಕೆಲವು ವಾರ ಕಳೆದ ಮೇಲೆ ಮೇಡಂ ನನ್ನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಆ ಕಾಗದ ದಾಖಲೆಯಲ್ಲಿ ಬಂದಿದೆಯಾ ತೋರಿಸು ಅಂದರು. ಹುಡುಕಿ ತೆಗೆದೆ. ಪರದೆಯ ಮೇಲೆ ಅವರ ಕನ್ನಡ ಸಹಿ. ಅವರು ಅದನ್ನು ನೋಡಿ ನಕ್ಕರು, ಬಾಯಿಗೆ ಸೆರಗು ಅಡ್ಡ ಹಿಡಿದು, ಹುಡುಗಿಯರ ಹಾಗೆ. ಮಗಳು ನನಗೆ ಫೋನ್ ಮಾಡಿ, ಅಮ್ಮ ಲಿಯಾಂಡರ್ ಮನೆಯ ಕಾಗದವನ್ನೂ ತೆಗೆಸಿ ನನ್ನ ಕೈಲಿ ಓದಿಸಿದಳು ಆಂಟಿ, ಹೋಮ್‌ವರ್ಕ್ ಥರ ಎಂದು ದೂರು ಹೇಳಿದಳು. ಒಳ್ಳೇದಾಯ್ತು ಅಂದೆ.

ಮೊದಲ ದೊಡ್ಡ ಮಳೆ ಬಂದದ್ದು ಬೇಸಿಗೆ ಮುಗಿಯುವ ಹೊತ್ತಿಗೆ. ಬೆಳಗಿನಿಂದ ಸುರಿಯುತ್ತಲೇ ಇತ್ತು. ಎಲ್ಲರ ಫೋನುಗಳೂ ಎಚ್ಚರಿಕೆ ಕೂಗುತ್ತಿದ್ದವು. ಮಧ್ಯಾಹ್ನ ಮಗಳು ಗಾಬರಿಯಿಂದ ಫೋನ್ ಮಾಡಿದಳು. ನಮ್ಮ ಮನೆಗೆ ಬಾ ಅಂದರೆ ಅಮ್ಮ ಬರುತ್ತಿಲ್ಲ, ನಾನು ಆಸ್ಪತ್ರೆಯಲ್ಲಿ ಸಿಕ್ಕಿಕೊಂಡಿದ್ದೇನೆ, ಒಮ್ಮೆ ಹೋಗಿ ನೋಡುತ್ತೀರಾ ಅಂದಳು. ಮಳೆ ಸ್ವಲ್ಪ ಕಡಿಮೆಯಾದ ಮೇಲೆ ಹೊರಟೆ. ಬೀದಿಯ ಅಂಚಿನಲ್ಲಿ ನೀರು ನಿಂತಿತ್ತು. ಅವರ ಮನೆ ಮುಟ್ಟುವಷ್ಟರಲ್ಲಿ ಇಳಿಯತೊಡಗಿತ್ತು. ದೂರದಲ್ಲಿ ಪಂಪುಗಳ ಗುಂಯ್ ಸದ್ದು ಕೇಳುತ್ತಿತ್ತು.

ಬಾಗಿಲು ತೆಗೆದ ಮೇಡಂ ಕೈಯಲ್ಲಿ ಸುತ್ತಿಗೆ. ಬಂದೆಯಾ, ಒಳ್ಳೇ ಹೊತ್ತಿಗೆ ಬಂದೆ, ಸ್ಟೂಲು ಹಿಡಿದುಕೋ ಅಂದರು. ಈ ಮಳೆಯಲ್ಲಿ ಇದೇನು ಕೆಲಸ ಎಂದು ಬೈಯುವಷ್ಟರಲ್ಲಿ ಸೋಫಾದ ಮೇಲೆ ಒಂದು ಫೋಟೋ ಕಂಡಿತು. ಕನ್ನಡಕ, ತುಂಬುತೋಳಿನ ಅಂಗಿ, ಜೇಬಿನಲ್ಲಿ ಪೆನ್ನು. ಯಾರೆಂದು ಕೇಳಬೇಕಾಗಿರಲಿಲ್ಲ. ದೇಶ ಬಿಟ್ಟು ಬಂದ ಮೇಲೆ ಇಷ್ಟು ದಿನ ಅದು ಸೂಟ್‌ಕೇಸಿನ ತಳದಲ್ಲಿತ್ತಂತೆ, ಮುಖ ಕೆಳಗಾಗಿ. ತಾವೇ ಹಾಗೆ ಇಟ್ಟದ್ದು, ಸಿಟ್ಟಿಗೆ ಎಂದು ಅವರೇ ಹೇಳಿದರು.

ದಕ್ಷಿಣದ ಗೋಡೆಗೆ ಮೊಳೆ ಹೊಡೆದರು. ಫೋಟೋ ಎತ್ತಿಕೊಟ್ಟೆ. ಅದನ್ನು ಸೆರಗಿನಿಂದ ಒರೆಸುತ್ತ, ಸ್ಟೂಲಿನ ಮೇಲೆ ನಿಂತೇ ಮಾತಾಡಿದರು.

"ಬೆಳಗ್ಗೆಯಿಂದ ನೀರು ಏರೋದು ಇಳಿಯೋದು ನೋಡ್ತಾ ಕೂತಿದ್ದೆ. ಈ ಮನೆಗೆ ಬರೋ ಮೊದಲು ನನಗೆ ಎಲ್ಲಾ ಗೊತ್ತಿತ್ತು. ಯಾಕೆ ಗೊತ್ತಿತ್ತು? ಕಾಗದದಲ್ಲಿ ಇತ್ತು, ನಾನು ಓದಿದೆ. ಅವರ ಕಾಗದದಲ್ಲಿ ಕಾಲುವೆ ಅನ್ನೋ ಒಂದು ಮಾತು ಇರಲಿಲ್ಲಮ್ಮ. ಇಲ್ಲದ್ದನ್ನ ಎಲ್ಲಿಂದ ಓದ್ತಾರೆ?"

ನನಗೆ ಕಣ್ಣು ತುಂಬಿ ಬಂತು. ಸ್ಟೂಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಅವರು ಫೋಟೋವನ್ನು ಮೊಳೆಗೆ ಸಿಕ್ಕಿಸಿ, ಎಡಕ್ಕೆ ಬಲಕ್ಕೆ ಸರಿಮಾಡಿ, ಕೆಳಗಿಳಿದು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

"ನೀವು ಸರಿಯಾಗೇ ಓದಿದ್ರಿ ಕಣ್ರೀ," ಅಂದರು.